ಕಿಟಕಿ ಇಲ್ಲದ ಫೋಟೊ

ಬೆಳಿಗ್ಗೆ ಎಂಟಕ್ಕೆ ಆ ಫೋಟೊ ನನ್ನ ಫೋನಿಗೂ ಬಂತು. ಸುಟ್ಟ ಬಲಗೈಯನ್ನು ಎದೆಗೊತ್ತಿಕೊಂಡ ಹೆಂಗಸು. ಮುಖ ಸ್ಪಷ್ಟ. ಕೆಳಗೆ ಒಂದೇ ಸಾಲು: ‘ಈ ಕೈಗೆ ಯಾರು ಹೊಣೆ?’ ಅಯ್ಯೋ ಪಾಪ ಅನ್ನಿಸಿತು. ಹಾಗೇ ಬರೆದು, ಮಗಳ ಶಾಲೆಯ ಪೋಷಕರ ಗುಂಪಿಗೆ ಕಳಿಸಿ, ಯೂನಿಫಾರಂ ಹಾಕಿಕೊಂಡು ಠಾಣೆಗೆ ಹೊರಟೆ.

ಹನ್ನೊಂದಕ್ಕೆ ಅದೇ ಹೆಂಗಸು ನನ್ನ ಮೇಜಿನ ಮುಂದೆ ನಿಂತಿದ್ದಳು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಪಕ್ಕದಲ್ಲಿ ನನ್ನ ತಮ್ಮ.

“ಅಕ್ಕ, ಇವರು ಲಾಂಡ್ರಿಲಿ ಕೆಲಸ ಮಾಡೋರು. ಮುಖ ತೋರಿಸಲ್ಲ ಅಂತ ನಾವು ಮಾತು ಕೊಟ್ಟಿದ್ವಿ. ಯಾರೋ ಕಳ್ಳ ಖಾತೆಯಿಂದ ಹಾಕಿಬಿಟ್ಟಿದ್ದಾರೆ.”

ತಮ್ಮ ನಡೆಸುವ ಕಾರ್ಮಿಕ ಸಂಘದ್ದು ಒಂದೇ ಬೇಡಿಕೆ. ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ದೊಡ್ಡ ರೋಲರಿಗೆ ಕೈ ಸಿಕ್ಕದಂತೆ ಅಡ್ಡಕಂಬಿ ಹಾಕಿಸಬೇಕು. ಸಂಘದ ಫೇಸ್‌ಬುಕ್ ಪೇಜಲ್ಲದೆ ಇನ್ನೂ ನಾಲ್ಕು ಪೇಜುಗಳ ಜೊತೆ ಅವನು ಒಪ್ಪಂದ ಮಾಡಿಕೊಂಡಿದ್ದ. ಐವರೂ ಒಂದೇ ಹೊತ್ತಿಗೆ, ಕೈಯ ಚಿತ್ರ ಮಾತ್ರ ಹಾಕಬೇಕು. ನಿನ್ನೆ ಹಾಕಿಯೂ ಇದ್ದರು.

“ಗೇಟಲ್ಲೇ ನಿಲ್ಸಿದ್ರು ಮೇಡಂ,” ಎಂದಳು ಆಕೆ. “ಫೋಟೊ ನಾನು ಹಾಕಿದ್ದಲ್ಲ ಅಂತ ಠಾಣೆಯಿಂದ ಬರವಣಿಗೆಲಿ ತಂದ್ರೆ ಒಳಗೆ, ಇಲ್ದಿದ್ರೆ ಹೊರಗೆ. ಸಂಜೆ ಐದರ ತನಕ ಟೈಮು ಕೊಟ್ಟಿದಾರೆ.”

ಇನ್ನೂ ಏನೋ ಹೇಳಲು ಹೊರಟವಳು ನನ್ನ ಮುಖ ನೋಡಿ ಸುಮ್ಮನಾದಳು. ನಾನು ಕೇಳಲಿಲ್ಲ.

*

ಮೊದಲ ಅನುಮಾನ ಒಪ್ಪಂದದಲ್ಲಿದ್ದ ದೊಡ್ಡ ಪೇಜಿನವನ ಮೇಲೆ. ಅವನಿಗೆ ಲಕ್ಷಗಟ್ಟಲೆ ಹಿಂಬಾಲಕರು. ಅದಕ್ಕೇ ಎಲ್ಲರೂ ಅವನನ್ನು ‘ಲಕ್ಷಪ್ಪ’ ಅನ್ನುವುದು.

“ಮುಖ ಇಲ್ದೆ ಜನ ನಿಂತು ನೋಡಲ್ಲ ಅಂತ ನಾನು ಹೇಳಿದ್ದು ನಿಜ,” ಎಂದ ಲಕ್ಷಪ್ಪ. “ಆದ್ರೆ ನನಗೆ ಕಳಿಸಿದ್ದು ಕೈಯ ಫೋಟೊ ಒಂದೇ. ಬೇಕಾದ್ರೆ ನೋಡ್ಕೊಳ್ಳಿ.”

ಅವನ ಕಂಪ್ಯೂಟರನ್ನು ಜಾಲಾಡಿದೆ. ಮುಖದ ಫೋಟೊ ಸಿಗಲಿಲ್ಲ.

ಎರಡನೆಯವನು ಫೋಟೊಗ್ರಾಫರ್. ಸಂಘದ ಆಫೀಸಿನಲ್ಲಿ ಫೋಟೊ ತೆಗೆದಿದ್ದು ಅವನೇ. ಮಾತಿಗೊಮ್ಮೆ ಬೆವರು ಒರೆಸಿಕೊಳ್ಳುತ್ತಿದ್ದ.

“ಮುಖ ಬಂದಿದ್ದು ಒಂದೇ ಫೋಟೊದಲ್ಲಿ ಮೇಡಂ. ಎಲ್ಲಾ ನಿಮ್ಮ ತಮ್ಮನಿಗೆ ಕೊಟ್ಟು, ನನ್ನ ಕಡೆ ಅಳಿಸಿಬಿಟ್ಟೆ.”

“ಅವನೂ ಅಳಿಸಿದೆ ಅಂತಾನೆ.”

“ಹಾಗಾದ್ರೆ ನಾನೇ ಕಳ್ಳ ಅಂತೀರಾ?”

ಹೌದು ಅಂತಲೇ ಅಂದುಕೊಂಡಿದ್ದೆ. ನನ್ನ ತಮ್ಮನನ್ನು ಅನುಮಾನಿಸುವ ಯೋಚನೆ ಹತ್ತಿರಕ್ಕೂ ಸುಳಿಯಲಿಲ್ಲ. ಬೇರೆಯವರ ತಮ್ಮನಾಗಿದ್ದರೆ ಮೊದಲು ಅವನನ್ನೇ ಕೂರಿಸಿ ಕೇಳುತ್ತಿದ್ದೆ.

*

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಅಮ್ಮನಿಗೆ ಕಣ್ಣು ಹೋಗಿ ಆರು ವರ್ಷ. ಕಿವಿ ಮಾತ್ರ ಬಲು ಚುರುಕು.

“ಆ ಹೆಂಗಸಿನ ವಿಷಯ ಏನಾಯ್ತೇ? ಪಾಪ, ಕಿಟಕಿ ಪಕ್ಕ ಕೂತಿದಾಳಲ್ಲ, ಅವಳದು.”

“ಯಾವ ಕಿಟಕಿ? ಫೋಟೊದಲ್ಲಿ ಕಿಟಕಿನೇ ಇಲ್ಲ.”

“ನನ್ನ ಫೋನು ಓದ್ತಲ್ಲ!”

ಅಮ್ಮ ಕಳ್ಳ ಖಾತೆಯ ಪುಟವನ್ನೇ ತೆರೆದು ಬೆರಳು ಒತ್ತಿದಳು. ಫೋನು ಓದತೊಡಗಿತು: ‘ಎಡಗಡೆ ಕಿಟಕಿ. ಅದರ ಕೆಳಗೆ ನೀಲಿ ಬಕೆಟ್. ನಡುವೆ ಕುರ್ಚಿಯಲ್ಲಿ ಒಬ್ಬ ಹೆಂಗಸು. ಬಲಗೈ ಸುಟ್ಟಿದೆ.’

ಕಣ್ಣು ಕಾಣದವರಿಗಾಗಿ ಫೋಟೊದ ಹಿಂದೆ ಹೀಗೆ ವಿವರಣೆ ಬರೆದಿಡಬಹುದು. ಕಣ್ಣಿದ್ದವರಿಗೆ ಅದು ಕಾಣುವುದಿಲ್ಲ. ಬರೆಯುವವರೂ ಕಡಿಮೆ.

ಅಮ್ಮನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

“ಎಡದಿಂದ ಶುರು ಮಾಡು, ನನಗೆ ದಿಕ್ಕು ಗೊತ್ತಾಗುತ್ತೆ ಅಂತ ನಾನೇ ಹೇಳಿಕೊಟ್ಟಿದ್ದು,” ಎಂದಳು ಮೆಲ್ಲಗೆ.

ಯಾರಿಗೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಫೋಟೊಗ್ರಾಫರಿಗೆ ಫೋನು ಮಾಡಿದೆ. “ಪೂರ್ತಿ ಫೋಟೊದಲ್ಲಿ ಎಡಗಡೆ ಏನಿತ್ತು?”

“ಕಿಟಕಿ ಮೇಡಂ. ಕೆಳಗೊಂದು ನೀಲಿ ಬಕೆಟ್ಟು. ಎತ್ತಿಡೋಕೆ ಮರೆತಿದ್ವಿ.”

“ಫೋಟೊಗೆ ವಿವರಣೆ ಬರೀತೀಯಾ?”

“ಹಾಗಂದ್ರೇನು?”

*

ಮೂರೂವರೆಗೆ ತಮ್ಮನನ್ನು ಕೂರಿಸಿ ಬಾಗಿಲು ಹಾಕಿದೆ.

“ಆಫೀಸಿನ ಗುರುತು ಸಿಗಬಾರದು ಅಂತ ಕಿಟಕಿ, ಬಕೆಟ್ಟು ಎರಡನ್ನೂ ಕತ್ತರಿಸಿದೆ. ಆದ್ರೆ ಪೂರ್ತಿ ಫೋಟೊಗೆ ಮೊದಲೇ ಬರೆದಿಟ್ಟಿದ್ದ ವಿವರಣೆನ ಹಾಗೇ ಅಂಟಿಸಿದೆ. ಪೂರ್ತಿ ಫೋಟೊ ನೋಡಿದವರು ಇಬ್ಬರೇ. ಅದರಲ್ಲಿ ವಿವರಣೆ ಬರೆಯೋನು ಒಬ್ಬನೇ. ಅದೂ ಎಡದಿಂದ.”

ಅವನು ತಲೆ ತಗ್ಗಿಸಿದ. “ಅಭ್ಯಾಸ ಅಕ್ಕ. ಅಮ್ಮನಿಗೆ ಅಂತ… ಕೈ ತಾನಾಗೇ ಅಂಟಿಸಿಬಿಡ್ತು.”

“ಯಾಕೋ ಹೀಗೆ ಮಾಡ್ದೆ?”

“ಕೈಯ ಫೋಟೊನ ನಿನ್ನೆ ನಮ್ಮ ಪೇಜಲ್ಲಿ ಇನ್ನೂರು ಜನ ನೋಡಿದ್ರು. ಇವತ್ತು ಮೂರು ಲಕ್ಷ! ನಾಳೆ ಕಂಬಿ ಹಾಕ್ತೀವಿ ಅಂತ ಲಾಂಡ್ರಿಯವರು ಹೇಳಿಕೆ ಕೊಟ್ಟಾಗಿದೆ. ಒಳ್ಳೇದಕ್ಕೇ ತಾನೇ?”

“ಒಳ್ಳೇದಾಗಿದ್ರೆ ಆಕೆನ ಕೇಳೇ ಹಾಕ್ತಿದ್ದೆ. ಮಾಡಿದ್ದೂ ಅಲ್ಲದೆ ದೂರು ಕೊಡೋಕೂ ನೀನೇ ಕರ್ಕೊಂಡು ಬಂದ್ಯಲ್ಲೋ! ನನ್ನ ಹತ್ರ ಬಂದ್ರೆ ಬಚಾವಾಗ್ತೀನಿ ಅಂದ್ಕೊಂಡ್ಯಾ?”

ಅವನು ಅಂದುಕೊಂಡಿದ್ದು ಹೆಚ್ಚುಕಡಿಮೆ ಸರಿಯೇ ಇತ್ತಲ್ಲ. ನಡೆದದ್ದನ್ನೆಲ್ಲ ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿದೆ. ಆರೋಪಿ ನನ್ನ ತಮ್ಮ ಎಂದು ಸಾಹೇಬರಿಗೆ ಹೇಳಿ ಫೈಲು ಒಪ್ಪಿಸಿದೆ. ಜೀವನದಲ್ಲಿ ಅಷ್ಟು ನಾಚಿಕೆಯಿಂದ ಯಾರ ಮುಂದೆಯೂ ನಿಂತಿರಲಿಲ್ಲ.

*

ನಾಲ್ಕೂಕಾಲಿಗೆ ಹೇಳಿಕೆಯ ನಕಲನ್ನು ಆಕೆಯ ಕೈಗಿತ್ತೆ.

“ತಪ್ಪೆಲ್ಲ ನನ್ನ ತಮ್ಮಂದು. ಅವನ ಪರವಾಗಿ ನಾನು…”

“ಅವರ ಪರವಾಗಿ ಬೇಡ ಮೇಡಂ,” ಎಂದಳು ಆಕೆ. ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. “ಕೈ ಬಿಸಿನೀರಿಂದ ಸುಟ್ಟಿದ್ದು ಅಂತ ಮಗಳಿಗೆ ಸುಳ್ಳು ಹೇಳಿದ್ದೆ. ಮಗು ಹೆದರ್ಕೋಬಾರದು ಅಂತ. ಬೆಳಿಗ್ಗೆ ಅವಳ ಕೈಲೇ ಫೋನಿತ್ತು. ಫೋಟೊ ಶಾಲೆ ಗುಂಪಿಗೆ ಬಂತು.”

ಮೇಜಿನ ಮೇಲಿದ್ದ ನನ್ನ ಫೋನನ್ನು ಮಗುಚಿಟ್ಟೆ.

“ನಿಮ್ಮ ಹೆಸರಿತ್ತು ಮೇಡಂ. ‘ಅಯ್ಯೋ ಪಾಪ’ ಅಂತ ಬರೆದಿದ್ರಿ. ಬೆಳಿಗ್ಗೆನೇ ಕೇಳೋಣ ಅಂದ್ಕೊಂಡೆ. ಕೆಲಸ ಆಗಬೇಕಿತ್ತಲ್ಲ, ಸುಮ್ಮನಿದ್ದೆ.”

ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಆಕೆ ಮೆಟ್ಟಿಲಿಳಿದಳು. ನಾನು ಫೋನು ತೆಗೆದು ಫೋಟೊವನ್ನು ಅಳಿಸಲು ಹೋದೆ. ಆಗಲೇ ನೂರಾ ಹನ್ನೆರಡು ಜನ ನೋಡಿದ್ದರು.