ಮನೆಯವರ ಹೆಗಲು

ಎಪ್ಪತ್ಮೂರನೆಯ ಇಸವಿಯ ಮಾರ್ಗಳಿಯ ಚಳಿ ತಿಂಗಳು. ಕೊಳತ್ತೂರಿನ ಹಿಂದಿನ ಬೆಟ್ಟವನ್ನು ಮಂಜು ನುಂಗಿ ಕೂತಿತ್ತು. ಮುಂದಿನ ಹೆಜ್ಜೆಯಷ್ಟೇ ಕಾಣುವ ಆ ಬೆಳಗ್ಗೆ, ಬೆನ್ನಿಗೆ ಗಂಟು ಕಟ್ಟಿಕೊಂಡು ಕುಪ್ಪಸ್ವಾಮಿ ಒಬ್ಬನೇ ಹತ್ತುತ್ತಿದ್ದ.

ಗಂಟಿನಲ್ಲಿದ್ದದ್ದು ಸ್ವಾಮಿಯ ವಸ್ತ್ರ. ಎಡಪ್ಪಾಡಿಯ ಅವರ ಮನೆಯ ಮಗ್ಗದಿಂದ ಬೆಟ್ಟದ ಮೇಲಿನ ಸಿದ್ದಪ್ಪನಿಗೆ ವರ್ಷಕ್ಕೊಮ್ಮೆ ಪಂಚೆ, ಶಲ್ಯ ಹೋಗಬೇಕು. ತಾತನ ಕಾಲದ ಹರಕೆ. ಆ ಗಂಟು ಬಸ್ಸು ಹತ್ತುವಂತಿಲ್ಲ, ನೆಲ ಮುಟ್ಟುವಂತಿಲ್ಲ. ಹೊತ್ತವರು ಪೂಜಾರಿಯ ಕೈಗೆ ಒಪ್ಪಿಸುವ ತನಕ ಮಾತಾಡುವಂತಿಲ್ಲ. ದಣಿದರೆ ಇನ್ನೊಂದು ಹೆಗಲಿಗೆ ದಾಟಿಸಬಹುದು. ಆದರೆ ಆ ಹೆಗಲು ಮನೆಯವರದೇ ಆಗಿರಬೇಕು.

ಇಷ್ಟು ವರ್ಷ ಅಣ್ಣ ನಂಜಯ್ಯ ಜೊತೆಗಿರುತ್ತಿದ್ದ. ಗಂಟು ಅಣ್ಣನ ಬೆನ್ನಿಗಿದ್ದಾಗ ತಮ್ಮ ಮಾತಾಡುತ್ತಿದ್ದ, ತಮ್ಮನ ಬೆನ್ನಿಗೆ ಬಂದಾಗ ಅಣ್ಣ. ಐದು ತಿಂಗಳ ಹಿಂದೆ, ಆಡಿಯಲ್ಲಿ, ಅಣ್ಣ ತೀರಿಕೊಂಡ. ಈಗ ಮನೆಯಲ್ಲಿ ಒಂದೇ ಮಗ್ಗದ ಸದ್ದು. ಅಂಥ ಮನೆಯಿಂದ ಬಂದವನಿಗೆ ಬೆಟ್ಟದ ಮೌನ ಹೊಸದೆನಿಸಲಿಲ್ಲ.

"ಯಾರದು? ಮನುಸ್ಯರಾ, ಕರಡೀನಾ?"

ಮಂಜಿನೊಳಗಿಂದ ಹೆಣ್ಣು ದನಿ. ಕುಪ್ಪಸ್ವಾಮಿ ತಟ್ಟನೆ ನಿಂತ.

"ಮನುಸ್ಯರಾದ್ರೆ ಬಾಯಿ ಬಿಡಿ. ಕರಡಿಯಾದ್ರೆ ಅಂಗೇ ಓಗ್ಲಾ ಅತ್ಲಾಗೆ!"

ಅವನು ಬಾಯಿ ಬಿಡಲಿಲ್ಲ. ಕಲ್ಲೊಂದು ಹಾರಿ ಬಂದು ಅವನ ಕಾಲ ಬಳಿ ಬಿತ್ತು. ಹಿಂದೆಯೇ ನಾಲ್ಕಾರು ಕುರಿಗಳು, ಅವುಗಳ ಹಿಂದೆ ತಲೆಯ ಮೇಲೆ ಕಂಬಳಿ ಹೊದ್ದ ಕುರಿಗಾಹಿ ಅಂಕಮ್ಮ.

"ಅಯ್ಯೋ ಪಾವಮೇ! ಮಗ್ಗದವರಾ?" ನಾಲಿಗೆ ಕಚ್ಚಿಕೊಂಡಳು. "ಕರಡಿ ಇನ್ನೂ ಸ್ವಲ್ಪ ಚೆಂದಾಗಿರ್ತೈತೆ ಬಿಡಿ."

ನಗುತ್ತಲೇ ಅವನ ಬೆನ್ನ ಹಿಂದೆ ಇಣುಕಿದಳು. "ಅಣ್ಣ ಎಲ್ಲಿ? ಇಂದೆ ಉಳಿದ್ರಾ?"

ಅವನು ತಲೆ ತಗ್ಗಿಸಿದ. ಅಂಕಮ್ಮನ ನಗು ನಿಂತಿತು. ಕಂಬಳಿ ಜಾರಿ ಹೆಗಲಿಗೆ ಬಿದ್ದರೂ ಎತ್ತಿಕೊಳ್ಳಲಿಲ್ಲ. ಸೋರೆಬುರುಡೆಯಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಪ್ರತಿ ವರ್ಷವೂ ಅಣ್ಣತಮ್ಮಂದಿರಿಗೆ ಕೊಡುತ್ತಿದ್ದ ಮಜ್ಜಿಗೆ.

"ಕುಡಿಯೋಕೆ ಬಾಯಿ ಬಿಡಬೋದು ತಾನೇ?"

ಅವನು ಕುಡಿದ. ಲೋಟದ ಅಂಚಿನ ಮೇಲಿಂದ ಅವನ ಕಣ್ಣು ಅವಳನ್ನು ಹುಡುಕಿತು. ಅವಳ ಕಣ್ಣು ಆಗಲೇ ಅಲ್ಲಿತ್ತು.

"ಒಂದು ಮಾತೈತೆ," ಅಂದಳು ಕುರಿಯೊಂದರ ಉಣ್ಣೆಯಿಂದ ಮುಳ್ಳು ಕೀಳುತ್ತಾ. "ಇವತ್ತು ಸಂಜೆ ಜವರಪ್ಪಮಾವ ಕಡಯಂಪಟ್ಟಿಯಿಂದ ಎಲೆ ಅಡಿಕೆ ತಗಂಡು ಬರ್ತಾನೆ. ಅವನ ಮಗನಿಗೆ ನನ್ನ ಕೇಳೋಕೆ. ಅವ್ವ ಸರಿ ಅಂದವಳೆ. ನಾನಿನ್ನೂ ಏನೂ ಅಂದಿಲ್ಲ."

ಅವನು ಲೋಟವನ್ನು ಪಕ್ಕದ ಕಲ್ಲಿನ ಮೇಲಿಟ್ಟ.

"ನೀವು ವರ್ಸಕ್ಕೊಂದು ದಿನ ಬರ್ತೀರಿ. ಮಿಕ್ಕ ದಿನವೆಲ್ಲ ನಾನು ಈ ದಾರಿ ನೋಡ್ತಾ ಕುರಿ ಕಾಯ್ತೀನಿ. ನೀವೋ ಮಾತಾಡಂಗಿಲ್ಲ. ಒಳ್ಳೇದೇ ಆಯ್ತು, ಸುಳ್ಳು ಮಾತಾಡಂಗೂ ಇಲ್ಲ." ಅವಳು ಹೆಗಲು ಮುಂದೆ ಮಾಡಿದಳು. "ಮನೆಯವರ ಹೆಗಲಿಗೆ ಮಾತ್ರ ಅಂತ ನಿಮ್ಮಣ್ಣನೇ ಅಂದಿದ್ರು. ಮನಸಿದ್ರೆ ಗಂಟು ಕೊಡಿ. ಇಲ್ದಿದ್ರೆ ಓಗಿ, ನಾನು ತಪ್ಪು ತಿಳ್ಕೊಳಲ್ಲ."

ಅವನ ಕೈ ಎದೆಯ ಮೇಲಿನ ಕಟ್ಟಿಗೆ ಹೋಯಿತು. ಕಟ್ಟು ಸಡಿಲಿಸಲಾರದೆ ಅಲ್ಲೇ ನಿಂತಿತು. ಕುರಿಯವರ ಮಗಳು, ನೇಕಾರರ ಮನೆ. ಕೇರಿ ಏನೆಂದೀತು? ಅದಕ್ಕಿಂತ, ಸ್ವಾಮಿ ಏನೆಂದಾನು? ಕೈ ಮೆಲ್ಲಗೆ ಕೆಳಗಿಳಿಯಿತು.

"ಸರಿ," ಅಂದಳು ಅಂಕಮ್ಮ. ಕಂಬಳಿಯನ್ನು ತಲೆಗೆ ಎಳೆದುಕೊಂಡಳು. "ಮ್ಯಾಗೆ ಕಲ್ಲು ಜಾರ್ತೈತೆ. ಉಸಾರು."

ಕುರಿಯ ಗಂಟೆ ಮಂಜಿನಲ್ಲಿ ಕರಗುತ್ತಾ ಕರಗುತ್ತಾ ಇಲ್ಲವಾಯಿತು.

ಅವನು ಹತ್ತಿದ. ಮಂಜು ಮುಖಕ್ಕೆ ಒದ್ದೆ ಬಟ್ಟೆಯಂತೆ ಅಂಟುತ್ತಿತ್ತು. ಅರ್ಧ ದಾರಿಯಲ್ಲಿ, ಆನೆಯ ಬೆನ್ನಿನಂಥ ಬಂಡೆಯ ಹತ್ತಿರ, ಪ್ರತಿ ವರ್ಷದಂತೆ ಅವನ ಕಾಲು ತಾನಾಗಿ ನಿಂತಿತು. ಬೆನ್ನು ತಿರುಗಿಸಿ ಕಾದ. ಇಲ್ಲಿ ಬಂಡೆಗೆ ಒರಗಿ ನಿಂತ ಅಣ್ಣನ ಕೈ ಬರುತ್ತಿತ್ತು. "ಸಾಕು ಬಿಡ್ಲಾ, ಇನ್ನು ನಾನು" ಎನ್ನುತ್ತಾ ಗಂಟು ಬಿಚ್ಚುತ್ತಿತ್ತು.

ಯಾವ ಕೈಯೂ ಬರಲಿಲ್ಲ. ಮಂಜಿನ ಹನಿಯೊಂದು ಕುತ್ತಿಗೆಗೆ ಬಿತ್ತು.

ಸಿದ್ದಪ್ಪಾ, ನಿನ್ನ ಬಟ್ಟೆಗೆ ಇನ್ನು ಮುಂದೆ ಹೆಗಲೆಲ್ಲಿಂದ ತರಲಿ ತಂದೆ, ಎಂದು ಮನಸ್ಸಿನಲ್ಲೇ ಕೇಳಿದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಸ್ವಾಮಿ ಹೆಗಲನ್ನು ದಾರಿಗೇ ಕಳಿಸಿದ್ದ. ಹಿಂದಿರುಗಿಸಿದವನು ತಾನು.

ಬೆಟ್ಟ ಹತ್ತಿದ ಗಂಟು ಎಂದೂ ಅರ್ಧ ದಾರಿಯಿಂದ ಇಳಿದಿರಲಿಲ್ಲ. ಅಂದು ಇಳಿಯಿತು. ಜಾರುತ್ತಾ, ಬೇರು ಹಿಡಿಯುತ್ತಾ ಅವನು ಓಡಿದ. ಮಜ್ಜಿಗೆ ಕುಡಿದ ಜಾಗ ಬರಿದಾಗಿತ್ತು. ಕೂಗುವಂತಿಲ್ಲ. ಎರಡು ಕಲ್ಲು ಹೆಕ್ಕಿ ಒಂದಕ್ಕೊಂದು ಬಡಿದ. ನಿಂತು ಆಲಿಸಿದ. ಮತ್ತೆ ಬಡಿದ. ಬೆರಳು ಜಜ್ಜಿ ರಕ್ತ ಬಂದರೂ ಬಡಿದ.

ಬಹಳ ಹೊತ್ತಿನ ಮೇಲೆ, ಬಹಳ ದೂರದಿಂದ: "ಕರಡೀನಾ, ಮನುಸ್ಯರಾ?"

ಗಂಟೆಯ ಸದ್ದು ಹತ್ತಿರವಾಯಿತು. ಕುಪ್ಪಸ್ವಾಮಿ ಕಲ್ಲು ಕೆಳಗೆ ಹಾಕಿ, ಎದೆಯ ಕಟ್ಟು ಸಡಿಲಿಸಿ, ಅವಳಿಗೆ ಬೆನ್ನು ಮಾಡಿ ನಿಂತ. ಹಿಂದೆ ಉಸಿರು ಕೇಳಿಸಿತು, ಕೈ ಬರಲಿಲ್ಲ. ಆಮೇಲೆ ಥಂಡಿ ಹಿಡಿದ ಬೆರಳುಗಳು ಅವನ ಹೆಗಲಿಗೆ ತಾಗಿದವು. ಭಾರ ಮೆಲ್ಲಗೆ ದಾಟಿಹೋಯಿತು.

"ಅಂಕಮ್ಮಾ," ಅಂದ. ಆ ದಿನದ ಅವನ ಮೊದಲ ಮಾತು.

ಅವಳು ಬಾಯಿ ತೆರೆದಳು. ಅವನು ತುಟಿಗೆ ಬೆರಳಿಟ್ಟ.

"ಊಹೂಂ. ಗಂಟು ಈಗ ನಿನ್ನ ಬೆನ್ನಿಗೈತೆ. ಬೈಗಳೆಲ್ಲ ಮ್ಯಾಗೆ ಓದ ಮೇಲೆ."

ಅವಳ ಕಣ್ಣು ಆಗಲೇ ಬೈಯುತ್ತಿತ್ತು. ತುಂಬಿಕೊಂಡೂ ಇತ್ತು.

ಕುರಿಗಳೂ ಹಿಂದೆ ಹತ್ತಿದವು. ದಾರಿಯುದ್ದಕ್ಕೂ ಅವನೇ ಮಾತಾಡಿದ: ಅಣ್ಣನ ಕೊನೆಯ ಜ್ವರ, ಅಣ್ಣ ಒರಗುತ್ತಿದ್ದ ಬಂಡೆ, ಅಲ್ಲಿ ಈ ಸಲ ಬಾರದ ಕೈ, ಅವಳ ಕಂಬಳಿಯ ಕರಿಯಂಚು ನೋಡಿ ಒಂದು ಸೀರೆಗೆ ಹಾಕಿದ ಅಂಚು. "ಸಂಜೆ ನಿಮ್ಮ ಮಾವನ ಅತ್ರ ನಾನೇ ಮಾತಾಡ್ತೀನಿ. ಒಡೆದ್ರೆ ಒಡೆಸ್ಕೊಳ್ತೀನಿ."

ಗುಡಿಯ ಬಾಗಿಲಲ್ಲಿ ಪೂಜಾರಿ ಮಾದಯ್ಯ ಗಂಟಿಗೆ ಕೈ ಚಾಚಿ ಪ್ರತಿ ವರ್ಷದ ಪ್ರಶ್ನೆ ಕೇಳಿದ: "ಯಾರ ಹೆಗಲು?"

"ಮನೆಯವರದು," ಅಂದ ಕುಪ್ಪಸ್ವಾಮಿ.

ಮಾದಯ್ಯ ಅವಳ ಕಂಬಳಿ ನೋಡಿದ, ಕುರಿಗಳನ್ನು ನೋಡಿದ, ಒಳಗಿನ ದೀಪದ ಕಡೆ ಒಮ್ಮೆ ನೋಡಿದ. ವಸ್ತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಯಪ್ಪಾ!" ಉಸಿರು ಬಿಟ್ಟಳು ಅಂಕಮ್ಮ. "ಕೆಳಗೆ ಓಗೋವಾಗ ಪೂರ್ತಿ ನಾನೇ ಮಾತಾಡೋದು, ತಿಳೀತಾ?"

ಆದರೆ ಇಳಿಯುವಾಗ ಅವಳು ಮಾತಾಡಲಿಲ್ಲ. ಆನೆಬೆನ್ನಿನ ಬಂಡೆ ಬಂದಾಗ ನಿಂತು, ಅಣ್ಣ ಒರಗುತ್ತಿದ್ದ ಜಾಗಕ್ಕೆ ತನ್ನ ಹೆಗಲನ್ನು ಒಮ್ಮೆ ತಾಗಿಸಿದಳು.