ಮೂರರಲ್ಲಿ ಒಂದು ಚಿತ್ರ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ದೋಹಾದ ಠಾಣೆಗೆ ಬಂದ ಆಸಿಯಾ ಎಂಬ ಮಹಿಳೆಯ ಕೈಯಲ್ಲಿ ಎರಡು ಸ್ಕ್ಯಾನ್ ವರದಿಗಳಿದ್ದವು. ಗೋದಾಮಿನಲ್ಲಿ ಏಣಿಯಿಂದ ಬಿದ್ದ ಅವಳ ಗಂಡ ಪಕೀರಬ್ಬನ ಕುತ್ತಿಗೆಗೆ ಏನೂ ಆಗಿಲ್ಲವೆಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರವೊಂದು ಬರೆದುಕೊಟ್ಟಿತ್ತು. ಕತ್ತಿನ ಪಟ್ಟಿ ಬಿಚ್ಚಿಸಿಕೊಂಡು ಅವನು ಮನೆಗೆ ಬಂದ. ಮರುದಿನ ಬೆಳಿಗ್ಗೆ ಕೈಕಾಲು ಎತ್ತಲಾಗಲಿಲ್ಲ. ದೊಡ್ಡ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿರುವುದು ಕಂಡಿತು.

"ಬೇರೆ ಯಾರದ್ದೋ ಚಿತ್ರ ನೋಡಿ ಬರ್ದಿದ್ದಾರೆ ಅಣ್ಣಾ," ಎಂದು ಅವಳು ಠಾಣೆಯ ದುಭಾಷಿ, ಉಳ್ಳಾಲದ ಜಾಬಿರ್‌ಗೆ ಹೇಳಿದಳು. "ನಾಳೆ ಆಪರೇಷನ್. ಕೈಗೆ ಮತ್ತೆ ಬಲ ಬರ್ತದಾ ಅಂತ ಕೇಳಿದ್ರೆ ಆಪರೇಷನ್ ಆದ ಮೇಲೆ ನೋಡುವ ಅಂತಾರೆ."

ಕ್ಯಾಪ್ಟನ್ ಸಯೀದ್ ದೂರು ದಾಖಲಿಸಿಕೊಂಡು ಜಾಬಿರ್ ಜೊತೆ ಹತ್ತು ಗಂಟೆಗೆ ಇಂಡಸ್ಟ್ರಿಯಲ್ ಏರಿಯಾದ ಆ ಕೇಂದ್ರಕ್ಕೆ ಹೋದರು. ತಂತ್ರಜ್ಞೆ ಬೆನಿಟಾ ಯಂತ್ರದಲ್ಲೇ ಉಳಿದಿದ್ದ ಮೂಲ ಚಿತ್ರಗಳನ್ನು, ಕುತ್ತಿಗೆಯ ಪದರ ಪದರದ ನೂರಾರು ಚಿತ್ರಗಳನ್ನು, ತೆರೆದಳು. ಪಕೀರಬ್ಬನದೇ ಹೆಸರು, ಅದೇ ದಿನಾಂಕ. ಎರಡು ಚಿತ್ರಗಳಲ್ಲಿ ಕೂದಲೆಳೆಯಂಥ ಬಿರುಕು ಸ್ಪಷ್ಟವಾಗಿತ್ತು. ಬೆನಿಟಾ ಬಾಯಿಗೆ ಕೈ ಅಡ್ಡ ಹಿಡಿದಳು.

ವರದಿ ಬರೆಯುವ ಡಾಕ್ಟರ್ ನೈಜೆಲ್ ಕೂರುವುದು ಅಲ್ ಮುಂತಜಾದ ಕಚೇರಿಯಲ್ಲಿ. ಚಿತ್ರಗಳು ಅಲ್ಲಿಗೆ ನೆಟ್‌ವರ್ಕ್ ಮೂಲಕ ಬರುತ್ತವೆ. ಸಯೀದ್ ಮತ್ತು ಜಾಬಿರ್ ಅಲ್ಲಿಗೆ ಹೋದಾಗ ಡಾಕ್ಟರು ಪಕೀರಬ್ಬನ ಸ್ಕ್ಯಾನ್ ತೆರೆದು ಮೌಸಿನ ಚಕ್ರ ತಿರುಗಿಸಿದರು. ಬಿರುಕಿದ್ದ ಎರಡೂ ಚಿತ್ರಗಳು ಅಲ್ಲಿರಲಿಲ್ಲ. ಎಣಿಸಿದಾಗ ಮೂರರಲ್ಲಿ ಒಂದು ಪಾಲು ಚಿತ್ರಗಳಷ್ಟೇ ಇದ್ದವು.

"ಆ ಎರಡು ಚಿತ್ರ ನನಗೆ ಬಂದೇ ಇಲ್ಲ," ಎಂದ ಡಾಕ್ಟರರ ಮುಖ ಬಿಳಿಚಿಕೊಂಡಿತ್ತು.

"ನೆಟ್‌ವರ್ಕ್ ನೋಡಿಕೊಳ್ಳುವವರು ಯಾರು?" ಸಯೀದ್ ಕೇಳಿದರು.

"ಲೆಸ್ಲಿ, ನಮ್ಮ ಕಂಪ್ಯೂಟರ್ ಕೆಲಸದವ. ಮುಂಚೆ ಒಂದು ಸ್ಕ್ಯಾನ್ ತೆರೀಲಿಕ್ಕೆ ಕಾಲು ಗಂಟೆ ಬೇಕಿತ್ತು. ಈದ್ ರಜೆ ಮುಗಿಸಿ ಬಂದ್ರೆ ಪಟ್ ಅಂತ ತೆರೀತದೆ! ಅವನಿಗೆ ಕೇಕ್ ಕಟ್ ಮಾಡಿಸಿದೆವು."

"ಆಮೇಲೆ ನಿಧಾನ ಆಗಿರಲಿಲ್ಲವೇ?"

"ಒಂದು ದಿನ ಮಾತ್ರ. ಹೋದ ಮಂಗಳವಾರ."

ಆ ಮಂಗಳವಾರದ ಸ್ಕ್ಯಾನ್‌ಗಳನ್ನು ತೆಗೆಸಿದರು. ಈದ್ ನಂತರ ಒಂದೂ ಚಿತ್ರ ಬಿಡದೆ ಬಂದ ಸ್ಕ್ಯಾನ್‌ಗಳು ಆ ದಿನದವು ಮಾತ್ರ. ಅವುಗಳಲ್ಲಿ ಮೊದಲನೆಯದರ ಮೇಲಿದ್ದ ಹೆಸರು ಜೋಆನ್, ವಯಸ್ಸು ಏಳು, ಶಾಲೆಯ ಜಾರುಬಂಡೆಯಿಂದ ಬಿದ್ದವಳು. ತಂದೆ ಲೆಸ್ಲಿ. ಸಯೀದ್ ಆ ಹೆಸರನ್ನು ಜಾಬಿರ್‌ನಿಂದ ಇನ್ನೊಮ್ಮೆ ಓದಿಸಿದರು. ಪಕೀರಬ್ಬ ಬಿದ್ದದ್ದು ಬುಧವಾರ.

ಮಧ್ಯಾಹ್ನ ಮೂರಕ್ಕೆ ಶಿರ್ವದ ಲೆಸ್ಲಿಯ ವಿಚಾರಣೆ ಶುರುವಾಯಿತು.

"ಹೊಸ ಲೈನ್ ಹಾಕಿದ್ರಾ?" ಜಾಬಿರ್ ಕೇಳಿದ.

"ಕೇಳಿದ್ದೆ. ಮ್ಯಾನೇಜರ್ ಮಾಫಿ, ಇಲ್ಲವೇ ಇಲ್ಲ ಅಂದ್ರು. ಇದ್ದದ್ರಲ್ಲೇ ಸ್ಪೀಡ್ ಮಾಡು, ಖಲಾಸ್ ಅಂತ."

"ಮತ್ತೆ ಎಂತ ಮಾಡಿದ್ದು?"

"ಮೂರಕ್ಕೆ ಒಂದೇ ಚಿತ್ರ ಹೋಗುವ ಹಾಗೆ ಇಟ್ಟೆ. ಡಾಕ್ಟ್ರ ಹಿಂದೆ ನಿಂತು ನೋಡಿದ್ದೇನೆ ಮಾರಾಯ್ರೆ. ಅವರು ಚಕ್ರ ತಿರುಗಿಸುವ ಸ್ಪೀಡಿಗೆ ನಡುವಿನದ್ದು ಯಾರಿಗೆ ಕಾಣ್ತದೆ? ಅದ್ರಿಂದ ತೊಂದ್ರೆ ಇಲ್ಲ ಅಂದ್ಕೊಂಡೆ."

"ತೊಂದ್ರೆ ಇಲ್ಲ ಅಂತ ಗೊತ್ತಿದ್ರೆ, ಜೋಆನ್‌ದು ಪೂರ್ತಿ ಕಳಿಸಿದ್ದು ಯಾಕೆ?"

ಲೆಸ್ಲಿ ಮೇಜಿನ ಅಂಚನ್ನು ಹಿಡಿದುಕೊಂಡ.

"ಮಗಳಲ್ವಾ," ಎಂದ.

ಕ್ಯಾಪ್ಟನ್ ಎರಡು ಸಲ ಕೇಳಿದ ಮೇಲೆಯೇ ಜಾಬಿರ್ ಅದನ್ನು ಅರಬ್ಬಿಗೆ ತಿರುಗಿಸಿದ.

"ಮತ್ತೆ ಪುನಃ ಮೂರಕ್ಕೆ ಒಂದು ಮಾಡಿದ್ದು ಯಾಕೆ?" ಜಾಬಿರ್ ಕೇಳಿದ.

"ಆ ದಿನ ಸ್ಲೋ ಆಯ್ತಲ್ಲ, ಡಾಕ್ಟ್ರು ಎಲ್ಲರೆದುರು ಬಯ್ದ್ರು. ಸಂಜೆಗೆ ಪುನಃ ಹಾಕಿದೆ."

ನಾಲ್ಕೂ ಮುಕ್ಕಾಲಿಗೆ ಲೆಸ್ಲಿಯನ್ನು ಬಂಧಿಸಲಾಯಿತು. ಸ್ಕ್ಯಾನಿಂಗ್ ಕೇಂದ್ರಕ್ಕೆ ಬೀಗ ಬಿತ್ತು. ಈದ್ ನಂತರ ಸ್ಕ್ಯಾನ್ ಮಾಡಿಸಿಕೊಂಡವರಿಗೆಲ್ಲ ಬೆನಿಟಾ ಫೋನ್ ಮಾಡುತ್ತ ಕುಳಿತಿದ್ದಳು.

ಲೆಸ್ಲಿ ಈ ಕೆಲಸಕ್ಕೆ ಯಾರಿಂದಲೂ ಏನನ್ನೂ ಪಡೆದಿರಲಿಲ್ಲ. ಆ ಕಚೇರಿಯಲ್ಲಿ ವರ್ಷಗಟ್ಟಲೆ ಎಲ್ಲರೂ ಅವನನ್ನು "ಓ ನೆಟ್‌ವರ್ಕ್" ಎಂದೇ ಕರೆಯುತ್ತಿದ್ದರು. ಈದ್ ನಂತರದ ಆ ಕೇಕಿನ ಮೇಲೆ ಅವನ ಹೆಸರಿತ್ತು. ಅದರ ಫೋಟೋ ಅವನ ಮೊಬೈಲಿನಲ್ಲಿ ಸಿಕ್ಕಿತು. ಮಹಜರಿನಲ್ಲಿ ಅದನ್ನೂ ಸೇರಿಸಿದರು.