ತೈಮೆಶಿ ಬೇಯುವಷ್ಟು ಹೊತ್ತು

"ಇದೇನು, ಮೀನು ಬೇಯಿಸೇ ಇಲ್ವಲ್ಲ?"

ಜಪಾನಿನ ಉವಾಜಿಮಾ ಊರಿನ ಆ ಪುಟ್ಟ ಊಟದಂಗಡಿಯಲ್ಲಿ ಎಲ್ಲರ ಕೈಯ ಊಟದ ಕಡ್ಡಿಗಳು ನಿಂತುಬಿಟ್ಟವು. ಬಿಸಿ ಅನ್ನ, ಹಸಿ ತೈ ಮೀನಿನ ತೆಳು ಹೋಳು, ಮೊಟ್ಟೆ ಕಲಸಿದ ಸೋಯಾ ರಸ: ಇದೇ ಈ ಊರಿನ ತೈಮೆಶಿ. ಹೊಸಬ ಸೋಹೇ ಅದನ್ನೇ ದಿಟ್ಟಿಸುತ್ತಿದ್ದ.

"ನಮ್ಮ ಮತ್ಸುಯಾಮಾದಲ್ಲಿ ತೈಮೆಶಿ ಅಂದ್ರೆ ಇಡೀ ಮೀನನ್ನ ಅಕ್ಕಿ ಜೊತೆ ಬೇಯಿಸ್ತೀವಿ."

ಅಡುಗೆ ಮಾಡಿದ ಮಿಹೋಗೆ ಕೋಪ ಮೂಗಿನ ತುದಿಯಲ್ಲೇ. "ಇದು ರುಚಿಸದವರಿಗೆ ಈ ಊರೂ ರುಚಿಸಲ್ಲ ಬಿಡಿ."

ಜನವರಿಯಲ್ಲಿ ಕೋಟೆಯ ಗೋಡೆ ರಿಪೇರಿಗೆ ಬಂದ ಕಲ್ಲುಕುಟಿಗ ಅವನು. ಅಂದಿನಿಂದ ದಿನವೂ ಬಂದ. ಒಂದು ಅಗುಳೂ ಬಿಡದೆ ಉಂಡ. ವಾರಕ್ಕೊಮ್ಮೆ ಮಾತ್ರ ಎದ್ದು ಹೋಗುವಾಗ ತಡವರಿಸುತ್ತಿದ್ದ.

"ಮೀನಿನ ತಲೆ ಕೊಡ್ತೀರಾ?"

"ಬೆಕ್ಕಿಗಾ?"

"ಹೂಂ..."

ಅವನ ಹೆಜ್ಜೆಸಪ್ಪಳ ಮಿಹೋಗೆ ಗುರುತಾಗಿಬಿಟ್ಟಿತ್ತು. ಅದು ಪ್ರೀತಿಯೇ, ಒಪ್ಪಿಕೊಳ್ಳಲು ಹಠ ಬಿಡಲಿಲ್ಲ, ಅಷ್ಟೆ.

ಅವನ ಮನೆಯಲ್ಲಿ ಬೆಕ್ಕೇ ಇಲ್ಲವೆಂದು ಅಂಗಡಿಯ ಒಡತಿ, ಅವಳ ಸೋದರತ್ತೆ ತೊಕಿ ಹೇಳಿದ ದಿನ ಅವಳ ಮನಸ್ಸು ಮುದುಡಿತು. ಅಂದರೆ ಆ ತಲೆ ಹಾಕಿ ತನ್ನೂರಿನ ತೈಮೆಶಿಯನ್ನು ತಾನೇ ಬೇಯಿಸಿಕೊಳ್ಳುತ್ತಾನೆ. ಇಲ್ಲಿ ಉಣ್ಣುವುದು ಬರೀ ದಾಕ್ಷಿಣ್ಯಕ್ಕೆ...

ಮಾರ್ಚ್ ಕೊನೆಗೆ ಗೋಡೆ ಮುಗಿಯಿತು. ಮೂರು ಗಂಟೆಯ ರೈಲಿಗೆ ಊರು ಬಿಡುವವನು ಕೊನೆಯ ಊಟಕ್ಕೆ ಬಂದ. ಮಿಹೋ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

"ಅವನು ಹೋದ ಮೇಲೆ ಅತ್ತು ಏನ್ ಮಾಡ್ತೀಯೇ? ಊಟಕ್ಕಿಲ್ಲದ ಉಪ್ಪಿನಕಾಯಿ ಆಮೇಲೆ ಯಾಕೆ? ಹೋಗಿ ಕೇಳು." ಅತ್ತೆ ಬಟ್ಟಲನ್ನು ಅವಳ ಕೈಗೇ ತುರುಕಿದಳು.

ಮಿಹೋ ಬಟ್ಟಲು ಇಟ್ಟು ಕೇಳಿಯೇಬಿಟ್ಟಳು. "ನನ್ನ ಊಟ ಇಷ್ಟವಿಲ್ಲ ಅಂತ ಮೊದಲೇ ಹೇಳಬಹುದಿತ್ತು. ಬೆಕ್ಕಿನ ನಾಟಕ ಯಾಕೆ?"

ಸೋಹೇ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಂಬತ್ತು ಜೊತೆ ಪುಟ್ಟ ಮೂಳೆಗಳು, ಒಂದೊಂದೂ ಮೀನಿನದೇ ಆಕಾರ. ತೈ ಮೀನಿನ ಈಜುರೆಕ್ಕೆಯ ಬುಡದ ಈ ಮೂಳೆಯನ್ನು ಜೋಪಾನ ಮಾಡಿದವರ ಆಸೆ ಈಡೇರುತ್ತದೆಂದು ಅವಳಜ್ಜಿಯೂ ಹೇಳುತ್ತಿದ್ದಳು.

"ತಲೆ ಬೇಯಿಸಿದ್ರೇನೇ ಇದು ಮುರಿಯದೆ ಸಿಗೋದು."

"ಏನು ಬೇಡಿಕೊಂಡ್ರಿ?"

"ಒಂಬತ್ತು ಸಲವೂ ಒಂದೇ. ಈ ಊರಲ್ಲಿ ನಿಮ್ಮ ಜೊತೆ ಇರಬೇಕು ಅಂತ. ಆದ್ರೆ ಈ ಊರು ನನಗಲ್ಲ ಅಂತ ಮೊದಲ ದಿನಾನೇ ಅಂದಿದ್ರಲ್ಲ... ಹೇಳೋಕೆ ಬಾಯಿ ಬರಲಿಲ್ಲ."

ಮಿಹೋಳ ಕಣ್ಣು ತುಂಬಿತು. ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಇವನು ಮೂರು ತಿಂಗಳು ಹೊತ್ತು ತಿರುಗಿದನಲ್ಲ! ಒಳಗೆ ಹೋದವಳು ಮಣ್ಣಿನ ಪಾತ್ರೆ, ಒಂದು ಇಡೀ ತೈ ಮೀನು ತಂದು ಅವನ ಮುಂದಿಟ್ಟಳು.

"ನಿಮ್ಮೂರಿನದು ನನಗೂ ಕಲಿಸಿ."

"ಈಗ್ಲೇನಾ? ಬೇಯೋಕೆ ಹೊತ್ತು ಹಿಡಿಯುತ್ತೆ."

"ಎಷ್ಟು?"

ಸೋಹೇ ಗಡಿಯಾರ ನೋಡಿದ. ಆಮೇಲೆ ಅವಳನ್ನು ನೋಡಿದ.

"ರೈಲು ತಪ್ಪೋಷ್ಟು."

"ಹಾಗಾದ್ರೆ ಉರಿ ಸಣ್ಣಗಿಡ್ತೀನಿ," ಅಂದಳು ಮಿಹೋ.